ಕಾಲು ನೋಯದ ಒಂದು ವರ್ಷ

ಇಲ್ಲಿ 800 ಮೀಟರ್ ಓಡಿದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ. ಆರೇಳು ಕೈ ಕಾಣಿಸುತ್ತಿವೆ. ಸರಿ. ನಿಮಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ. ಎರಡನೇ ಸುತ್ತಿನ ಕೊನೆಯ ತಿರುವು ಅಂದರೆ ಸಾಕು, ನಿಮ್ಮ ತೊಡೆಗಳಿಗೇ ನೆನಪು ಬರುತ್ತದೆ. ಉಳಿದವರಿಗೆ ಸ್ವಲ್ಪ ವಿವರಿಸುತ್ತೇನೆ.

ಹೈಸ್ಕೂಲಿನಲ್ಲಿದ್ದಾಗ ತಾಲ್ಲೂಕು ಕ್ರೀಡಾಕೂಟದಲ್ಲಿ ನಾನೂ ಒಮ್ಮೆ 800 ಮೀಟರ್ ಓಡಿದ್ದೆ. ಮಣ್ಣಿನ ಮೈದಾನ, ಸುಣ್ಣದ ಗೆರೆ, ಬರಿಗಾಲು. ವಿಸಿಲ್ ಊದಿದ್ದೇ ತಡ, ಹಿಂದಿನಿಂದ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಎಲ್ಲರೂ ಕಿತ್ತುಕೊಂಡು ಓಡಿದೆವು. ಮೊದಲ ಸುತ್ತು ಮುಗಿದಾಗ ನಾನೇ ಮುಂದೆ. ನಮ್ಮ ಶಾಲೆಯ ಹುಡುಗರ ಕೇಕೆ ಕೇಳಿಸುತ್ತಿತ್ತು. ಆಮೇಲೆ ಏನಾಯಿತು ಅಂತ ಕೇಳಬೇಡಿ. ಒಬ್ಬೊಬ್ಬರಾಗಿ ನನ್ನನ್ನು ದಾಟಿಕೊಂಡು ಹೋದರು, ನನ್ನ ಕಾಲು ಯಾರೋ ಸಿಮೆಂಟ್ ಸುರಿದ ಹಾಗೆ ಆಗಿತ್ತು, ಕೇಕೆ ಹಾಕುತ್ತಿದ್ದ ಅದೇ ಹುಡುಗರು ಕೊನೆಗೆ ನಗುತ್ತಿದ್ದರು. ಗೆದ್ದವನು ಒಬ್ಬ ಸಣಕಲ ಹುಡುಗ. ಮೊದಲ ಸುತ್ತಿನಲ್ಲಿ ಅವನು ಕೊನೆಯಿಂದ ಎರಡನೆಯವನಾಗಿದ್ದ. ಅವನನ್ನು ನಾವು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಆ ಹುಡುಗನ ಓಟವನ್ನು ನಾನು ಮತ್ತೆ ನೋಡಿದ್ದು 2004ರ ಆಗಸ್ಟಿನಲ್ಲಿ, ಮನೆಯವರೆಲ್ಲ ಮಲಗಿದ ಮೇಲೆ, ಟಿವಿ ಸದ್ದು ತಗ್ಗಿಸಿಕೊಂಡು. ಅಥೆನ್ಸ್ ಒಲಿಂಪಿಕ್ಸ್. ಹಾಗೆ ಓಡಿದವಳು ಬ್ರಿಟನ್ನಿನ ಕೆಲ್ಲಿ ಹೋಮ್ಸ್. ಆಗ ಆಕೆಗೆ 34 ವರ್ಷ.

ಈಗ ಓಟದ ಲೆಕ್ಕ. ಟ್ರ್ಯಾಕಿನ ಒಂದು ಸುತ್ತು 400 ಮೀಟರ್. 800 ಅಂದರೆ ಎರಡು ಸುತ್ತು, 1500 ಅಂದರೆ ಮೂರು ಮುಕ್ಕಾಲು. ಇವೆರಡೂ ಮಧ್ಯಮ ದೂರದ ಓಟಗಳು. ನೂರು ಮೀಟರಿನವರ ಹಾಗೆ ಕಣ್ಣು ಮುಚ್ಚಿ ನುಗ್ಗುವ ಹಾಗಿಲ್ಲ, ಮ್ಯಾರಥಾನಿನವರ ಹಾಗೆ ನಿಧಾನಕ್ಕೆ ಬಿಸಿಯಾಗುವುದಕ್ಕೂ ಸಮಯವಿಲ್ಲ. ಒಳ್ಳೆಯ ಓಟಗಾರ್ತಿಯರು 800 ಮೀಟರನ್ನು ಎರಡು ನಿಮಿಷದ ಒಳಗೆ ಮುಗಿಸುತ್ತಾರೆ. ಆ ವೇಗಕ್ಕೆ ಉಸಿರಾಡಿದ ಗಾಳಿ ಸಾಲುವುದಿಲ್ಲ. ದೇಹ ಸಾಲ ಮಾಡುತ್ತದೆ. ಸಾಲದ ಬಡ್ಡಿ ಕೊನೆಯ ನೂರೈವತ್ತು ಮೀಟರಿನಲ್ಲಿ ಒಟ್ಟಿಗೇ ಬರುತ್ತದೆ. ಮೊದಲೇ ಜಾಸ್ತಿ ಸಾಲ ಮಾಡಿದವನ ಗತಿ ನನ್ನ ಗತಿ.

ಕೆಲ್ಲಿಯ ಕಥೆಯನ್ನು ಸಾಮಾನ್ಯವಾಗಿ ಒಂದೇ ರೀತಿ ಹೇಳುತ್ತಾರೆ. ಛಲ ಬಿಡಲಿಲ್ಲ, ಅದಕ್ಕೇ ಗೆದ್ದಳು ಅಂತ. ಸುಳ್ಳಲ್ಲ. ಆದರೆ ನನಗೆ ಅದು ಪೂರ್ತಿ ಸರಿ ಅನ್ನಿಸಿಲ್ಲ, ಯಾಕೆ ಅಂತ ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

ಕೆಲ್ಲಿ ಹುಟ್ಟಿದ್ದು 1970ರಲ್ಲಿ, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ. ತಂದೆ ಜಮೈಕಾ ಮೂಲದ ಕಾರ್ ಮೆಕ್ಯಾನಿಕ್, ತಾಯಿ ಇಂಗ್ಲಿಷಿನವಳು, ಮಗು ಹುಟ್ಟಿದಾಗ ಆಕೆಗಿನ್ನೂ ಹದಿಹರೆಯ. ತಂದೆ ಜೊತೆಯಲ್ಲಿ ಉಳಿಯಲಿಲ್ಲ. ಎಳೆಯ ಕೆಲ್ಲಿ ಕೆಲವು ಕಾಲ ಅನಾಥಾಲಯದಂಥ ಮಕ್ಕಳ ಮನೆಯಲ್ಲೂ ಇದ್ದಳು. 12ನೇ ವಯಸ್ಸಿಗೆ ಟಾನ್‌ಬ್ರಿಜ್ ಊರಿನ ಅಥ್ಲೆಟಿಕ್ಸ್ ಕ್ಲಬ್ಬಿಗೆ ಸೇರಿದಳು. ಅಲ್ಲಿ ಡೇವ್ ಅರ್ನಾಲ್ಡ್ ಅಂತ ಕೋಚ್. ಸೇರಿ ಇನ್ನೂ ಎರಡನೇ ಸೀಸನ್, 1983ರಲ್ಲಿ ಇಂಗ್ಲೆಂಡಿನ ಶಾಲಾ ಕ್ರೀಡಾಕೂಟದ 1500 ಮೀಟರ್ ಗೆದ್ದಳು. ಮರುವರ್ಷ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಸೆಬಾಸ್ಟಿಯನ್ ಕೋ 1500 ಮೀಟರ್ ಚಿನ್ನ ಗೆದ್ದದ್ದನ್ನು ಟಿವಿಯಲ್ಲಿ ನೋಡಿ, ನನಗೂ ಅದೇ ಬೇಕು ಅಂತ 14ರ ಹುಡುಗಿಗೆ ಅನ್ನಿಸಿತಂತೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಬ್ರಿಟನ್ನಿನವರಿಗೆ ಈ ಎರಡು ಓಟಗಳು ನಮಗೆ ಹಾಕಿ ಇದ್ದ ಹಾಗೆ. ಬ್ಯಾನಿಸ್ಟರ್, ಕೋ, ಓವೆಟ್, ಕ್ರ್ಯಾಮ್, ಹೀಗೆ ಸಾಲು ಸಾಲು ಹೆಸರು. 1980ರ ಮಾಸ್ಕೋದಲ್ಲಿ ಕೋ 800ರಲ್ಲಿ ಗೆಲ್ಲುತ್ತಾನೆ, ಸ್ಟೀವ್ ಓವೆಟ್ 1500ರಲ್ಲಿ ಗೆಲ್ಲುತ್ತಾನೆ ಅಂತ ಊರೆಲ್ಲ ಮಾತಾಡಿಕೊಳ್ಳುತ್ತಿತ್ತು. ಆದದ್ದು ಉಲ್ಟಾ. 800 ಓವೆಟ್‌ಗೆ, 1500 ಕೋಗೆ. ಇಬ್ಬರೂ ಪಕ್ಕದ ಮನೆಯ ಊಟ ಉಂಡು ಬಂದರು. ನಾಲ್ಕು ವರ್ಷದ ಮೇಲೂ ಕೋಗೆ 800ರಲ್ಲಿ ಸಿಕ್ಕಿದ್ದು ಬೆಳ್ಳಿಯೇ. ಎರಡೂ ಓಟವನ್ನು ಒಂದೇ ಒಲಿಂಪಿಕ್ಸಿನಲ್ಲಿ ಗೆದ್ದ ಬ್ರಿಟನ್ನಿನವನು ಅಂದರೆ 1920ರ ಆಂಟ್‌ವರ್ಪಿನ ಆಲ್ಬರ್ಟ್ ಹಿಲ್. ಕೋಗೂ ಆಗದ್ದು ಅದು. ಈ ಹಿಲ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ.

ಕೆಲ್ಲಿಗೆ ಒಲಿಂಪಿಕ್ಸಿನಷ್ಟೇ ಆಸೆ ಇನ್ನೊಂದಿತ್ತು, ಸೈನ್ಯ. ಮೊದಲು ಸಿಹಿತಿಂಡಿ ಅಂಗಡಿಯಲ್ಲಿ ಕೆಲಸ, ಆಮೇಲೆ ಅಂಗವಿಕಲರನ್ನು ನೋಡಿಕೊಳ್ಳುವ ಕೆಲಸ. 1988ರಲ್ಲಿ ಸೈನ್ಯ ಸೇರಿದಳು. ಅಲ್ಲಿ ಲಾರಿ ಡ್ರೈವರ್. ಆಮೇಲೆ ದೈಹಿಕ ತರಬೇತಿ ಕೊಡುವವಳು, ಅಂದರೆ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರ ಸೈನ್ಯದ ರೂಪ. ಜೂಡೋದಲ್ಲಿ ಸೈನ್ಯದ ಚಾಂಪಿಯನ್. ಒಂದು ಕೂಟದಲ್ಲಿ ಒಂದೇ ದಿನ 800, 3000 ಮತ್ತು ರಿಲೇ ಮೂರನ್ನೂ ಗೆದ್ದಿದ್ದಳಂತೆ. ಆದರೆ ಸೈನ್ಯದ ಹೊರಗಿನ ದೊಡ್ಡ ಓಟಗಳನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದಳು.

1992. ಬಾರ್ಸಿಲೋನಾ ಒಲಿಂಪಿಕ್ಸ್ ಟಿವಿಯಲ್ಲಿ ಬರುತ್ತಿದೆ. 3000 ಮೀಟರ್ ಓಟದಲ್ಲಿ ಲೀಸಾ ಯಾರ್ಕ್ ಅನ್ನೋ ಓಟಗಾರ್ತಿ ಕಾಣಿಸಿದಳು. ಅರೆ, ಇವಳ ಜೊತೆ ನಾನು ಓಡಿದ್ದೆನಲ್ಲ! ಅಷ್ಟೇ ಸಾಕಾಯಿತು. ನಮ್ಮಲ್ಲೂ ಹಾಗೇ ಅಲ್ವಾ, ದೂರದ ದೊಡ್ಡ ಸಾಧಕರನ್ನು ನೋಡಿದರೆ ಚಪ್ಪಾಳೆ ತಟ್ಟಿ ಸುಮ್ನೆ ಕೂರುತ್ತೇವೆ, ಪಕ್ಕದ ಬೆಂಚಿನವನು ಮೇಲೆ ಹೋದರೆ ಮಾತ್ರ ನಿದ್ದೆ ಕೆಡುತ್ತದೆ.

ಕೆಲ್ಲಿ ವಾಪಸ್ಸು ಬಂದಳು, ಸೈನ್ಯದ ಕೆಲಸ ಬಿಡದೆ. 1993ರಲ್ಲಿ ವಿಶ್ವ ಚಾಂಪಿಯನ್‌ಶಿಪ್ಪಿನ ಸೆಮಿಫೈನಲ್ ಓಡಿದಳು. 1994ರಲ್ಲಿ ಕೆನಡಾದ ಕಾಮನ್‌ವೆಲ್ತ್ ಕೂಟದಲ್ಲಿ 1500 ಮೀಟರ್ ಚಿನ್ನ, ಯುರೋಪಿಯನ್ ಕೂಟದಲ್ಲಿ ಬೆಳ್ಳಿ. 1995ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವ ಚಾಂಪಿಯನ್‌ಶಿಪ್, 1500ರಲ್ಲಿ ಬೆಳ್ಳಿ, 800ರಲ್ಲಿ ಕಂಚು. ಅದೇ ವರ್ಷ ಮಾಂಟೆ ಕಾರ್ಲೋದಲ್ಲಿ 800 ಮೀಟರನ್ನು 1 ನಿಮಿಷ 56.21 ಸೆಕೆಂಡಿನಲ್ಲಿ ಓಡಿ ಬ್ರಿಟನ್ನಿನ ದಾಖಲೆ ಮಾಡಿದಳು. ವಾಪಸ್ಸು ಬಂದು ಮೂರೇ ವರ್ಷ, ನೋಡಿ.

ಅಂದರೆ 1995ರಲ್ಲೇ ಆಕೆ ಜಗತ್ತಿನ ಮೊದಲ ಮೂರರಲ್ಲಿ ಒಬ್ಬಳು. ನಾನು ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಗೆಲ್ಲುವಷ್ಟು ಶಕ್ತಿ ಆಗಲೇ ಇತ್ತು. ಹಾಗಾದರೆ ಒಂಬತ್ತು ವರ್ಷ ಏನಾಯಿತು?

ಕಾಲು. ಅಷ್ಟೇ ಉತ್ತರ.

1996, ಅಟ್ಲಾಂಟಾ ಒಲಿಂಪಿಕ್ಸ್. ಕಾಲಿನ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು. ಓಟಗಾರರು ಇದಕ್ಕೆ ಸ್ಟ್ರೆಸ್ ಫ್ರ್ಯಾಕ್ಚರ್ ಅನ್ನುತ್ತಾರೆ. ಬಿದ್ದು ಮುರಿದದ್ದಲ್ಲ, ದಿನವೂ ಓಡಿ ಓಡಿ ಎಲುಬೇ ದಣಿದು ಸೀಳುವುದು. ಅದರ ಮೇಲೇ ಎರಡು ಓಟವನ್ನೂ ಓಡಿದಳು. 800ರಲ್ಲಿ ನಾಲ್ಕನೆಯವಳು. ಕಂಚಿಗೂ ಆಕೆಗೂ ಇದ್ದ ಅಂತರ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ಕಂಚು ಸಿಕ್ಕಿದ್ದು ಮೊಜಾಂಬಿಕ್‌ನ ಮರಿಯಾ ಮುಟೋಲಾಗೆ. ಈ ಹೆಸರೂ ನೆನಪಿರಲಿ. 1500ರಲ್ಲಿ ಕೆಲ್ಲಿ ಹನ್ನೊಂದನೆಯವಳು. ಎರಡನ್ನೂ ಗೆದ್ದವಳು ರಷ್ಯಾದ ಸ್ವೆಟ್ಲಾನಾ ಮಾಸ್ಟರ್ಕೋವಾ.

1997. ಸೈನ್ಯ ಬಿಟ್ಟಳು, ಇನ್ನು ಓಟವೇ ಕೆಲಸ. ಆ ಬೇಸಿಗೆಯಲ್ಲಿ ಶೆಫೀಲ್ಡಿನಲ್ಲಿ 1500 ಮೀಟರಿಗೂ ಬ್ರಿಟನ್ ದಾಖಲೆ ಬರೆದಳು, 3 ನಿಮಿಷ 58.07 ಸೆಕೆಂಡು. ಆಗಸ್ಟಿನ ವಿಶ್ವ ಚಾಂಪಿಯನ್‌ಶಿಪ್ಪಿಗೆ ಹೋದದ್ದು ಗೆಲ್ಲುವ ಕುದುರೆಯಾಗಿ. ಆ ಚಾಂಪಿಯನ್‌ಶಿಪ್ ನಡೆದದ್ದು ಎಲ್ಲಿ ಗೊತ್ತಾ? ಅಥೆನ್ಸ್‌ನ ಒಲಿಂಪಿಕ್ ಸ್ಟೇಡಿಯಂ. ಫೈನಲ್ ದೂರದ ಮಾತು, ಮೊದಲ ಹೀಟ್ಸ್‌ನಲ್ಲೇ ಹಿಮ್ಮಡಿಯ ಮೇಲಿನ ದಪ್ಪ ನರ, ಅಕಿಲಿಸ್ ಅನ್ನುತ್ತಾರಲ್ಲ, ಅದು ಹೋಯಿತು. ಮೀನಖಂಡವೂ ಹರಿಯಿತು. ಮುಗಿಯಿತು ಆ ವರ್ಷ.

ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಅದೇ ರಾಗ. 1998ರಲ್ಲಿ ಕಾಮನ್‌ವೆಲ್ತ್ ಬೆಳ್ಳಿ. 1999ರಲ್ಲಿ ವಿಶ್ವ ಚಾಂಪಿಯನ್‌ಶಿಪ್ಪಿನ ಸೆಮಿಫೈನಲ್ಲಿನಲ್ಲೇ ಔಟ್. 2000ದ ಸಿಡ್ನಿಗೂ ಗಾಯದಿಂದ ಎದ್ದು ಬಂದವಳೇ, ಆದರೂ 800ರ ಕೊನೆಯ ನೇರ ದಾರಿಗೆ ಬಂದಾಗ ಮುಂದಿದ್ದವಳು ಕೆಲ್ಲಿ! ಅಲ್ಲಿಂದ ಮುಟೋಲಾ ದಾಟಿದಳು, ಆಸ್ಟ್ರಿಯಾದ ಸ್ಟೆಫನಿ ಗ್ರಾಫ್ ದಾಟಿದಳು. ಕಂಚು. ಟೆನಿಸ್ಸಿನ ಸ್ಟೆಫಿ ಗ್ರಾಫ್ ಅಲ್ಲ, ಇವಳು ಬೇರೆ, ಪ್ರತಿ ಸಲ ಯಾರಾದರೂ ಕೇಳುತ್ತಾರೆ. 2002ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮತ್ತೆ ಕಾಮನ್‌ವೆಲ್ತ್ ಚಿನ್ನ.

ಮುಟೋಲಾ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮಾಪುಟೋ ನಗರದ ಬಡ ಹುಡುಗಿ, ಚಿಕ್ಕಂದಿನಲ್ಲಿ ಹುಡುಗರ ಜೊತೆ ಫುಟ್‌ಬಾಲ್ ಆಡುತ್ತಿದ್ದವಳು. ಸಿಡ್ನಿಯಲ್ಲಿ ಆಕೆ ಗೆದ್ದದ್ದು ಮೊಜಾಂಬಿಕ್ ದೇಶಕ್ಕೆ ಬಂದ ಮೊದಲ ಒಲಿಂಪಿಕ್ ಚಿನ್ನ. ಅಷ್ಟು ವರ್ಷ 800 ಮೀಟರ್ ಅಂದರೆ ಮುಟೋಲಾ. ಕೆಲ್ಲಿ ಅವಳ ಜೊತೆಯಲ್ಲೇ, ಅವಳ ಅಮೆರಿಕನ್ ಕೋಚ್ ಮಾರ್ಗೋ ಜೆನಿಂಗ್ಸ್ ಹತ್ತಿರವೇ ತರಬೇತಿಗೆ ಸೇರಿದಳು. ದಕ್ಷಿಣ ಆಫ್ರಿಕಾದಲ್ಲಿ ಇಬ್ಬರೂ ಒಟ್ಟಿಗೆ ಓಡುತ್ತಿದ್ದರು. 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಮುಟೋಲಾ ಚಿನ್ನ, ಕೆಲ್ಲಿ ಬೆಳ್ಳಿ. ತಕ್ಷಣ ಗುಸುಗುಸು ಶುರುವಾಯಿತು. ಗೆಳತಿ ಗೆಲ್ಲಲಿ ಅಂತ ಕೆಲ್ಲಿ ಬೇರೆಯವರ ದಾರಿಗೆ ಅಡ್ಡ ನಿಂತಳು ಅಂತ. ಆ ವರ್ಷ ಮುಟೋಲಾ ಮುಂದೆ ಹತ್ತು ಲಕ್ಷ ಡಾಲರಿನ ಬಹುಮಾನವನ್ನೂ ಒಬ್ಬಳೇ ಗೆದ್ದಳು, ಮಾತಿಗೆ ಇನ್ನಷ್ಟು ಉಪ್ಪು ಖಾರ ಬಿತ್ತು. ನನ್ನ ಅಭಿಪ್ರಾಯ ಕೇಳಿದರೆ, 33ನೇ ವಯಸ್ಸಿನಲ್ಲಿ ಚಿನ್ನಕ್ಕಾಗಿ ಎಲುಬು ಸವೆಸುತ್ತಿರುವವಳು ಅದನ್ನು ಬೇರೆಯವರಿಗೆ ದಾನ ಮಾಡುವಷ್ಟು ಧಾರಾಳ ಇರುವುದಿಲ್ಲ.

ಆ ಪ್ಯಾರಿಸ್ ಬೆಳ್ಳಿಯ ಹಿಂದೆ ಇನ್ನೊಂದು ಸಂಗತಿ ಇತ್ತು, ಹೊರಗೆ ಬಂದದ್ದು 2005ರಲ್ಲಿ, ಕೆಲ್ಲಿಯೇ ಹೇಳಿದ ಮೇಲೆ. 2003ರ ಬೇಸಿಗೆಯಲ್ಲಿ ಫ್ರಾನ್ಸಿನ ತರಬೇತಿ ಶಿಬಿರದಲ್ಲಿ ಮತ್ತೆ ಕಾಲು ಕೈಕೊಟ್ಟಿತು. ಓಡಲಾಗದ ಆ ದಿನಗಳಲ್ಲಿ ಖಿನ್ನತೆ ಆವರಿಸಿ, ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಆಗಿನ ಕಾಲದಲ್ಲಿ ದೊಡ್ಡ ಓಟಗಾರರು ಇಂಥದ್ದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ಸ್ಥಿತಿಯಿಂದ ಎದ್ದು ಪ್ಯಾರಿಸ್ಸಿನಲ್ಲಿ ಬೆಳ್ಳಿ ಗೆದ್ದವಳಿಗೆ ನಾವು ಕೇಳಿದ ಪ್ರಶ್ನೆ, ಗೆಳತಿಗೆ ಯಾಕೆ ಸಹಾಯ ಮಾಡಿದೆ ಅಂತ.

ಈಗ 2004. ವರ್ಷದ ಆರಂಭ ಚೆನ್ನಾಗಿರಲಿಲ್ಲ, ಬುಡಾಪೆಸ್ಟಿನ ಒಳಾಂಗಣ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ 1500ರ ಓಟದ ಮಧ್ಯೆ ಎಡವಿ ಬಿದ್ದಳು. ಆದರೆ ಎಲುಬು, ನರ, ಮೀನಖಂಡ ಎಲ್ಲವೂ ತೆಪ್ಪಗಿದ್ದವು. ದೊಡ್ಡ ಕೂಟಕ್ಕೆ ಗಾಯವಿಲ್ಲದೆ ಹೋಗುವುದು ಆಕೆಗೆ ಹೆಚ್ಚುಕಡಿಮೆ ಅದೇ ಮೊದಲು. ಛಲ ಅಂತೀರಲ್ಲ, ಛಲ 1996ರಲ್ಲೂ ಇತ್ತು, ಬಿರುಕು ಬಿಟ್ಟ ಎಲುಬಿನ ಮೇಲೆ ಓಡಿದವಳಿಗೆ ಛಲದ ಕೊರತೆಯೇ? 97ರಲ್ಲಿ ಇರಲಿಲ್ಲವೇ? 2004ರಲ್ಲಿ ಹೊಸದಾಗಿ ಸಿಕ್ಕಿದ್ದು ಕಾಲು ನೋಯದ ಒಂದು ವರ್ಷ. ಇದನ್ನು ಅದೃಷ್ಟ ಅಂದರೆ ಕೆಲವರಿಗೆ ಕೋಪ ಬರುತ್ತದೆ, ಸಾಧನೆಯನ್ನು ಕಡಿಮೆ ಮಾಡಿದ ಹಾಗೆ ಅಂತ. ನನಗೆ ಹಾಗನ್ನಿಸುವುದಿಲ್ಲ. ಮಳೆ ಬಂತು ಅಂದರೆ ಉತ್ತವನ ಶ್ರಮ ಸುಳ್ಳಾಗುತ್ತದೆಯೇ?

ಹೋಗುವಾಗ ಆಕೆಗೆ 1500ರ ಮೇಲೇ ಕಣ್ಣು. 800 ಓಡಬೇಕೋ ಬೇಡವೋ ಅಂತ ಕೊನೆಯವರೆಗೂ ಅನುಮಾನ. ಅಲ್ಲಿ ಮುಟೋಲಾ ಇದ್ದಾಳೆ, ಎರಡೂ ಓಡಿದರೆ ಎರಡೂ ಕೈತಪ್ಪಬಹುದು. ಓಡುತ್ತೇನೆ ಅಂತ ಹೇಳಿದ್ದು ಕೆಲವೇ ದಿನ ಮುಂಚೆ.

ಆಗಸ್ಟ್ 23, 800ರ ಫೈನಲ್. ನೀವು ಈ ವಿಡಿಯೋ ನೋಡಿದರೆ ಮೊದಲ ಸುತ್ತಿನಲ್ಲಿ ಕೆಲ್ಲಿಯನ್ನು ಹುಡುಕಬೇಕಾಗುತ್ತದೆ. ಅಮೆರಿಕದ ಜಿಯರ್ಲ್ ಮೈಲ್ಸ್ ಕ್ಲಾರ್ಕ್ ಮುಂದೆ ನುಗ್ಗಿ 400 ಮೀಟರನ್ನು 56 ಸೆಕೆಂಡಿನ ಆಸುಪಾಸಿನಲ್ಲಿ ದಾಟಿದಳು, ಮುಟೋಲಾ ಹತ್ತಿರದಲ್ಲೇ. ಕೆಲ್ಲಿ ಹಿಂದೆ, ನಮ್ಮ ಸಣಕಲ ಹುಡುಗನ ಜಾಗದಲ್ಲಿ. ಹೆದರಿ ಹಿಂದೆ ಉಳಿದದ್ದಲ್ಲ. ಬೇರೆಯವರು ಹೇಗಾದರೂ ಓಡಲಿ, ನಾನು ಎರಡೂ ಸುತ್ತನ್ನು ಒಂದೇ ವೇಗದಲ್ಲಿ ಓಡುತ್ತೇನೆ ಅನ್ನೋದು ಲೆಕ್ಕ. ಆಕೆಯ ಒಟ್ಟು ಸಮಯದ ಅರ್ಧ 58 ಸೆಕೆಂಡಿಗೆ ಸ್ವಲ್ಪ ಮೇಲೆ. 56ರಲ್ಲಿ ಹೋದವರಿಗೆ ಎರಡನೇ ಸುತ್ತಿಗೆ 60 ಹಿಡಿಯುತ್ತದೆ. ಹೇಳುವುದು ಸುಲಭ. ಒಲಿಂಪಿಕ್ ಫೈನಲ್ಲಿನಲ್ಲಿ, 34ನೇ ವಯಸ್ಸಿನಲ್ಲಿ, ಎಲ್ಲರೂ ಮುಂದೆ ಮುಂದೆ ಹೋಗುತ್ತಿರುವಾಗ ಸುಮ್ನೆ ನಿನ್ನ ಗತಿಯಲ್ಲಿ ಓಡು ಅಂತ ನಿಮ್ಮ ಕಾಲಿಗೆ ಹೇಳಿ ನೋಡಿ.

ಎರಡನೇ ಸುತ್ತಿನಲ್ಲಿ ಹೊರಬದಿಯಿಂದ ಒಬ್ಬೊಬ್ಬರನ್ನೇ ದಾಟುತ್ತಾ ಬಂದಳು. ಕೊನೆಯ ತಿರುವಿನಲ್ಲಿ ಮುಟೋಲಾ ಪಕ್ಕದಲ್ಲಿದ್ದಳು. ಅಲ್ಲಿಂದ ಇಬ್ಬರದ್ದೂ ಮುಖಾಮುಖಿ, ಅಷ್ಟರಲ್ಲಿ ಹಿಂದಿನಿಂದ ಮೊರಾಕ್ಕೋದ ಹಸ್ನಾ ಬೆನ್ಹಾಸ್ಸಿ, ಸ್ಲೊವೇನಿಯಾದ ಯೊಲಾಂಡಾ ಚೆಪ್ಲಾಕ್ ನುಗ್ಗಿ ಬಂದರು. ಕೆಲ್ಲಿ 1 ನಿಮಿಷ 56.38. ಬೆನ್ಹಾಸ್ಸಿ, ಚೆಪ್ಲಾಕ್ ಇಬ್ಬರದ್ದೂ 56.43. ಮುಟೋಲಾ 56.51, ನಾಲ್ಕನೆಯವಳು. ನಾಲ್ಕು ಜನರ ನಡುವೆ ಇದ್ದದ್ದು 0.13 ಸೆಕೆಂಡು, ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಜಾಸ್ತಿ ಬೇಕೇನೋ. ಗೆರೆ ದಾಟಿದ ಮೇಲೆ ಕೆಲ್ಲಿಯ ಮುಖ ನೋಡಬೇಕು. ಕಣ್ಣು ಅಗಲ, ಬಾಯಿ ಅಗಲ, ಗೆದ್ದೆನಾ ಇಲ್ಲವಾ ಅಂತ ಆಕೆಗೇ ಗೊತ್ತಿಲ್ಲ. ದೊಡ್ಡ ಪರದೆಯಲ್ಲಿ ನೋಡಿದ ಮೇಲೇ ನಂಬಿದ್ದು.

ಸ್ಟೇಡಿಯಂ ಯಾವುದು? ಏಳು ವರ್ಷ ಹಿಂದೆ ಹೀಟ್ಸ್‌ನಲ್ಲಿ ಅಕಿಲಿಸ್ ಹೋಗಿತ್ತಲ್ಲ, ಅದೇ.

ಮರುದಿನವೇ 1500ರ ಹೀಟ್ಸ್. ಆಗಸ್ಟ್ 20ರಿಂದ 28ರವರೆಗೆ ಒಂಬತ್ತು ದಿನದಲ್ಲಿ ಆರು ಓಟ. 28ರ ಫೈನಲ್ಲಿನಲ್ಲೂ ಅದೇ ಲೆಕ್ಕಾಚಾರ, ಮೊದಲು ಹಿಂದೆ, ಕೊನೆಯ ಸುತ್ತಿನಲ್ಲಿ ಮೇಲೆ ಮೇಲೆ, ನೇರ ದಾರಿಯಲ್ಲಿ ಎಲ್ಲರನ್ನೂ ದಾಟಿ ಮುಂದೆ. 3 ನಿಮಿಷ 57.90 ಸೆಕೆಂಡು, ತನ್ನದೇ ಬ್ರಿಟನ್ ದಾಖಲೆ ಮುರಿದಳು. ಹಿಂದಿನ ವರ್ಷದ ವಿಶ್ವ ಚಾಂಪಿಯನ್ ರಷ್ಯಾದ ಟೊಮಾಶೊವಾ ಎರಡನೆಯವಳು. ಎರಡೂ ಓಟವನ್ನು ಒಂದೇ ಒಲಿಂಪಿಕ್ಸಿನಲ್ಲಿ ಗೆದ್ದ ಮಹಿಳೆಯರಲ್ಲಿ ಕೆಲ್ಲಿ ಮೂರನೆಯವಳು. 1976ರಲ್ಲಿ ಕಜಾಂಕಿನಾ, 1996ರಲ್ಲಿ ಮಾಸ್ಟರ್ಕೋವಾ, ಆಮೇಲೆ ಇವಳು. ಬ್ರಿಟನ್ನಿನವರಲ್ಲಿ? ಹೇಳಿದ್ದೆನಲ್ಲ, ಆಲ್ಬರ್ಟ್ ಹಿಲ್. 84 ವರ್ಷ ಕಾದ ಮೇಲೆ ಅವನಿಗೆ ಜೊತೆ ಸಿಕ್ಕಿತು.

ಸಮಾರೋಪದಲ್ಲಿ ಬ್ರಿಟನ್ನಿನ ಬಾವುಟ ಹಿಡಿದವಳು ಕೆಲ್ಲಿಯೇ. ವರ್ಷದ ಕೊನೆಗೆ ಬಿಬಿಸಿಯ ವರ್ಷದ ಕ್ರೀಡಾ ವ್ಯಕ್ತಿ, 2005ರ ಹೊಸ ವರ್ಷಕ್ಕೆ ಡೇಮ್ ಪದವಿ, ಗಂಡಸರಿಗೆ ಸರ್ ಅಂತ ಕೊಡುತ್ತಾರಲ್ಲ, ಅದರ ಹೆಣ್ಣು ರೂಪ. ಆಮೇಲೆ? ಅಕಿಲಿಸ್ ಮತ್ತೆ ಶುರುವಾಯಿತು. 2005ರ ಡಿಸೆಂಬರಿನಲ್ಲಿ ನಿವೃತ್ತಿ. ನಾನು ಹೇಳಿದ್ದು ಇದನ್ನೇ, ಕಾಲು ಕೊಟ್ಟದ್ದು ಒಂದೇ ವರ್ಷದ ರಜೆ.

ಸೈನ್ಯದ ವಿಷಯದಲ್ಲಿ ಒಂದು ಮಾತು ಬಾಕಿ ಇದೆ. 2022ರ ಜೂನಿನಲ್ಲಿ, 52ನೇ ವಯಸ್ಸಿನಲ್ಲಿ, ತಾನು ಸಲಿಂಗಿ ಅಂತ ಕೆಲ್ಲಿ ಹೇಳಿಕೊಂಡಳು. ಇಷ್ಟು ತಡ ಯಾಕೆ? ಆಕೆ ಸೈನ್ಯದಲ್ಲಿದ್ದಾಗ ಬ್ರಿಟನ್ ಸೈನ್ಯದಲ್ಲಿ ಸಲಿಂಗಿಗಳಿಗೆ ನಿಷೇಧ ಇತ್ತು, ಅದು ಹೋದದ್ದು 2000ದಲ್ಲಿ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಕೋರ್ಟ್ ಮಾರ್ಷಲ್ ಆಗಬಹುದು. ಮಿಲಿಟರಿ ಪೊಲೀಸರು ಬಂದು ಬ್ಯಾರಕ್ಕಿನ ಕೋಣೆಗಳನ್ನು ತಲಾಶ್ ಮಾಡುತ್ತಿದ್ದರು. ಆ ಭಯ ಸೈನ್ಯ ಬಿಟ್ಟ ಮೇಲೂ ಬಿಡಲಿಲ್ಲ. 2020ರಲ್ಲಿ, ಚಿನ್ನ ಗೆದ್ದು 16 ವರ್ಷವಾದ ಮೇಲೆ, ಹಳೆಯದಕ್ಕೆ ನನ್ನ ಮೇಲೆ ಈಗಲೂ ಕ್ರಮ ತೆಗೆದುಕೊಳ್ಳಬಹುದಾ ಅಂತ ಆಕೆ ವಿಚಾರಿಸಿದ್ದಳು. ಇಲ್ಲ ಅಂತ ಉತ್ತರ ಬಂದ ಮೇಲೇ ಸ್ವಲ್ಪ ಉಸಿರು ಬಿಟ್ಟದ್ದು. ಅಥೆನ್ಸ್‌ನ ಆ ಎರಡು ಓಟವನ್ನು ಇದನ್ನೂ ಹೊತ್ತುಕೊಂಡು ಓಡಿದ್ದಳು ಅಂತ ನಮಗೆ ಗೊತ್ತಾಗುವುದಕ್ಕೆ 18 ವರ್ಷ ಬೇಕಾಯಿತು.

ಆ ದಾಖಲೆಗಳು ಏನಾದವು ಅಂತ ಮುಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ. 1500ರದ್ದನ್ನು 2016ರಲ್ಲಿ ಲಾರಾ ಮ್ಯೂರ್ ಮುರಿದಳು. 800ರದ್ದನ್ನು 2021ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಕೀಲಿ ಹಾಜ್‌ಕಿನ್ಸನ್ ಮುರಿದಳು. ಕೆಲ್ಲಿ, ಕೀಲಿ, ಹೆಸರು ಗೊಂದಲ ಮಾಡಿಕೊಳ್ಳಬೇಡಿ. ಅಥೆನ್ಸ್ ಓಟ ನಡೆದಾಗ ಕೀಲಿ ಎರಡು ವರ್ಷದ ಮಗು. 2024ರ ಪ್ಯಾರಿಸ್ಸಿನಲ್ಲಿ 800ರ ಚಿನ್ನವನ್ನೂ ಗೆದ್ದಳು, 1 ನಿಮಿಷ 56.72 ಸೆಕೆಂಡಿನಲ್ಲಿ, ಅಂದರೆ ಅಥೆನ್ಸ್‌ನಲ್ಲಿ ಕೆಲ್ಲಿ ಓಡಿದ್ದಕ್ಕಿಂತ ಚೂರು ನಿಧಾನ.

ಹಾಂ, ಟೋಕಿಯೋದಲ್ಲಿ ಮುರಿದದ್ದು ಅಥೆನ್ಸ್ ದಾಖಲೆ ಅಂತ ಸುಮಾರು ಜನ ತಿಳಿದುಕೊಂಡಿದ್ದಾರೆ. ಅಲ್ಲ. ಕೆಲ್ಲಿ 800ರಲ್ಲಿ ಅತಿ ವೇಗವಾಗಿ ಓಡಿದ್ದು ಅಥೆನ್ಸ್‌ನಲ್ಲಿ ಅಲ್ಲ, 1995ರ ಮಾಂಟೆ ಕಾರ್ಲೋದಲ್ಲಿ. 26 ವರ್ಷ ಯಾರೂ ಮುಟ್ಟದೆ ಉಳಿದದ್ದು ಆ 56.21. ಅದನ್ನು ಓಡಿದಾಗ ಆಕೆ ಇನ್ನೂ ಸೈನ್ಯದ ಸಂಬಳದಲ್ಲಿದ್ದ ಒಬ್ಬ ಡ್ರಿಲ್ ಮೇಷ್ಟ್ರು.